ಲಿಫ್ಟ್ ಬೇಡವೆಂದ ದಿನ

ಕಾರ್ಖಾನೆಯಿಂದ ಹೊರಬಿದ್ದಾಗ ನನ್ನ ಬೆಲೆ ಆರು ಸಾವಿರ. ಹುಲಿಗೆವ್ವ ಕೊಟ್ಟದ್ದು ಹದಿನೈದು ನೂರು, ಹೊಸ ಟಯರಿಗೆ ಇನ್ನೂರು ಬೇರೆ. ನಾನೊಂದು ಗಾಲಿಕುರ್ಚಿ. ಕಬ್ಬಿಣದ ಕೊಳವೆ ಬಗ್ಗಿಸಿ, ಬೆಸೆದು, ನೀಲಿ ರೆಕ್ಸಿನ್ ಹೊದಿಸಿದಾಗ ಹುಟ್ಟಿದೆ. ಮೊದಲ ಯಜಮಾನರು ನಿವೃತ್ತ ಪೋಸ್ಟ್‌ಮಾಸ್ಟರ್, ಪಡಸಾಲೆ ದಾಟುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಹುಲಿಗೆವ್ವನ ಪಾಲಿಗೆ ಬಂದೆ.

ಅವಳು ಎಪಿಎಂಸಿ ಅಂಗಳದಲ್ಲಿ ಚಹಾ ಮಾರುತ್ತಿದ್ದವಳು. ಹಿಂದಕ್ಕೆ ಬಂದ ಲಾರಿಯೊಂದು ಅವಳ ಕಾಲುಗಳ ಮೇಲೆ ಹರಿದಿತ್ತು. ಪರಿಹಾರದ ಕೇಸು ತಾಲ್ಲೂಕು ಕೋರ್ಟಿನ ಮಹಡಿಯ ಮೇಲೆ. ಜವಾನ ಹೆಸರು ಕೂಗುವಾಗ ಇರದಿದ್ದರೆ ವಜಾ ಆಗುವ ಭಯ. ಅದಕ್ಕೇ ಅದೇ ಅಂಗಳದ ನಾಲ್ವರು ಹಮಾಲರು ನನ್ನನ್ನು ಅವಳ ಸಮೇತ ಎತ್ತಿ ಮೆಟ್ಟಿಲು ಹತ್ತುತ್ತಿದ್ದರು.

“ಯಕ್ಕಾ, ಜ್ವಾಳದ ಚೀಲಾ ಇಷ್ಟು ಮಾತಾಡಂಗಿಲ್ಲ ನೋಡು,” ಎನ್ನುತ್ತಿದ್ದ ಅವರಲ್ಲಿ ಹಿರಿಯನಾದ ಖಾಸಿಂಸಾಬ.

“ಚೀಲಾ ನಿನಗ ಚಾ ಕೊಡತೈತೇನೋ?”

ಒಂದು ದಿನ ವಿಮೆ ಕಂಪನಿಯ ವಕೀಲರು ಬಹಳ ಮೃದುವಾಗಿ ಹೇಳಿದರು: “ಸ್ವಾಮಿ, ಈ ತಾಯಿಯ ಪಾಡು ನೋಡಲಾಗದು. ಜಿಲ್ಲಾ ಕೋರ್ಟಿನಲ್ಲಿ ಲಿಫ್ಟ್ ಇದೆ. ಈಕೆ ಒಪ್ಪಿದರೆ ಕೇಸನ್ನು ಅಲ್ಲಿಗೆ ವರ್ಗಾಯಿಸಲು ಕೇಳೋಣ.”

ನಮ್ಮ ವಕೀಲರೂ ಬಗ್ಗಿ, “ಒಪ್ಪಿಕೋಬೇ, ಆರಾಮ ಆಗತೈತಿ,” ಎಂದರು. ನಿಜ ಹೇಳಬೇಕೆಂದರೆ ನನಗೂ ಲಿಫ್ಟಿನ ಆಸೆ ಹುಟ್ಟಿತು. ಹುಲಿಗೆವ್ವ ನನ್ನ ತೋಳುಗಳನ್ನು ಬಿಗಿಯಾಗಿ ಹಿಡಿದು, ಬಾಗಿಲಲ್ಲಿ ನಿಂತಿದ್ದ ನಾಲ್ವರ ಕಡೆ ತಿರುಗಿ ನೋಡಿದಳು.

“ಸಾಹೇಬ್ರ, ಲಿಫ್ಟ್ ನನ್ನ ಮ್ಯಾಲ ಒಯ್ಯತೈತಿ, ಖರೆ. ಆದ್ರ ಲಾರಿ ಹಾದದ್ದು ನೋಡಿದವರು ಈ ನಾಲ್ಕ ಮಂದಿನ. ದಿನದ ಕೂಲಿ ಬಿಟ್ಟು ಅಷ್ಟು ದೂರ ಎಷ್ಟು ಸಲ ಬಂದಾರ್ರಿ? ಅವರಿಲ್ಲದ ನಾನೊಬ್ಬಾಕಿ ಮ್ಯಾಲ ಹೋಗಿ ಏನ್ ಮಾಡ್ಲಿ? ಕೇಸು ಇಲ್ಲೇ ಇರ್ಲಿ.”

ಹೊತ್ತು ತಂದವರನ್ನು ಬಾಡಿಗೆ ಆಳುಗಳೆಂದು ತಿಳಿದಿದ್ದ ನ್ಯಾಯಾಧೀಶರು ಕನ್ನಡಕ ಸರಿಪಡಿಸಿಕೊಂಡು ಸಾಕ್ಷಿಗಳ ಹೆಸರು ಓದಿಸಿದರು. ನಾಲ್ವರೂ ಒಬ್ಬೊಬ್ಬರಾಗಿ ಕೈ ಎತ್ತಿದರು.

“ವಕೀಲರೇ, ನಿಮ್ಮ ಲಿಫ್ಟಿನಲ್ಲಿ ಇವರಿಗೂ ಜಾಗ ಇದೆಯೇ?” ಕೋರ್ಟು ನಕ್ಕಿತು. “ಕೇಸು ಇಲ್ಲೇ ನಡೆಯಲಿ. ಮುಂದಿನ ವಿಚಾರಣೆ ಕೆಳಗಿನ ಕೋಣೆಯಲ್ಲಿ. ನಾನೇ ಇಳಿದು ಬರುತ್ತೇನೆ.”

ನಾಲ್ವರೂ ಕಂಡದ್ದನ್ನು ಕಂಡಂತೆ ಹೇಳಿದರು. ಪಾಟೀಸವಾಲಿಗೆ ಒಬ್ಬನೂ ಅಲುಗಲಿಲ್ಲ. ಹುಲಿಗೆವ್ವ ಗೆದ್ದಳು. ಆ ದಿನ ಹೊರಗಿನ ಅಂಗಳದಲ್ಲಿ ಅವರು ನನ್ನನ್ನು ಬೇಕಂತಲೇ ತಲೆಯೆತ್ತರಕ್ಕೆ ಎತ್ತಿ ಕುಣಿಸಿದರು.

ಈಗ ಅವಳಿಗೆ ಹೊಸ ಕುರ್ಚಿ ಬಂದಿದೆ. ನಾನು ಅವಳ ಚಹಾದಂಗಡಿಯ ಹಿಂದೆ, ಹಾಲಿನ ಕ್ಯಾನುಗಳ ಪಕ್ಕ ಇದ್ದೇನೆ. ಅವಳು ಕಳೆದುಕೊಂಡದ್ದು ಎರಡು ಕಾಲು. ಅವು ತಿರುಗಿ ಬರಲಿಲ್ಲ. ಗಳಿಸಿದ್ದು ಪೂರ್ತಿ ಪರಿಹಾರ, ಸ್ವಂತದ ಅಂಗಡಿ.