ತಂಗಿಯ ಪರವಾಗಿ

ಅಧ್ಯಕ್ಷೆ ಕೈ ತೋರಿಸಿದಾಗ ಇತಿಹಾಸದ ಮೇಷ್ಟ್ರು ಎದ್ದು ನಿಂತರು. ಊರ ವಾಚನಾಲಯದ ಭಾನುವಾರದ ಚರ್ಚೆಗೆ ಒಂದು ಕಟ್ಟುಪಾಡಿತ್ತು: ಎದುರಾಳಿಯ ವಾದವನ್ನು ಮೊದಲು ತಾನೇ ಹೇಳಬೇಕು, ಅವರು ತಲೆದೂಗಿದ ಮೇಲಷ್ಟೇ ತನ್ನದನ್ನು ಬಿಚ್ಚಬೇಕು.

ಎದುರಾಳಿ ಒಡಹುಟ್ಟಿದ ತಂಗಿ, ಪತ್ರಿಕೆಯೊಂದರ ಸಂಪಾದಕಿ. ಚೌಕದಲ್ಲಿರುವ ಹಳೆಯ ರಾಜನ ಪ್ರತಿಮೆ ಮ್ಯೂಸಿಯಮ್ಮಿಗೆ ಹೋಗಲಿ ಎಂದು ಅವಳು ಬರೆದಿದ್ದಳು, ಅಲ್ಲೇ ಇರಲಿ ಎಂದು ಮೇಷ್ಟ್ರು ಹಟ ಹಿಡಿದಿದ್ದರು. ಆ ಕಲ್ಲಿನ ಪುಣ್ಯಾತ್ಮನ ದೆಸೆಯಿಂದ ಅಣ್ಣ ತಂಗಿಗೆ ವರ್ಷದಿಂದ ಮಾತಿಲ್ಲ ಕತೆಯಿಲ್ಲ. ಅವಳು ಬರುತ್ತಾಳೆಂದು ತಿಳಿದೇ ಮೇಷ್ಟ್ರು ಹೆಸರು ಕೊಟ್ಟಿದ್ದರು. ಇಲ್ಲಿಯಾದರೂ ಅವಳು ತನ್ನ ಮುಖ ನೋಡಿ ಮಾತಾಡಲೇಬೇಕಲ್ಲ ಎಂಬ ಆಸೆ ಅವರದು.

ಆ ರಾಜ ಸುಟ್ಟ ಕೇರಿಯ ಜನರ ಮೊಮ್ಮಕ್ಕಳು ಅವನ ಕಾಲಡಿಯಲ್ಲೇ ಬಸ್ಸಿಗೆ ಕಾಯಬೇಕೆ ಎಂದು ಮೇಷ್ಟ್ರು ಶುರುಮಾಡಿದರು. ತಂಗಿ ಅಡ್ಡಡ್ಡ ತಲೆಯಾಡಿಸಿದಳು, ಸಾಲದು. ಬೇರೆ ಮಾತಲ್ಲಿ ಹೇಳಿದರು. ಅದೂ ಸಾಲದು. ಮೇಷ್ಟ್ರಿಗೆ ರೇಗಿತು.

"ನೆನಪಿಟ್ಕೊಳ್ಳೋಕೆ ಪುಸ್ತಕ ಸಾಕು. ಬೀದೀಲಿ ಎತ್ತರಕ್ಕೆ ನಿಲ್ಲಿಸೋದು ಅಂದ್ರೆ ಗೌರವ. ಅದನ್ನ ಎಲ್ಲರೂ ಕೊಡಲೇಬೇಕು ಅಂತ ಹೇಳೋಕೆ ನಾವ್ಯಾರು?"

ತಂಗಿ ನಿಧಾನವಾಗಿ ತಲೆದೂಗಿದಳು. ಮೇಷ್ಟ್ರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಈಗ ಅಣ್ಣನ ವಾದ ಹೇಳುವ ಸರದಿ ಅವಳದು. ರಾಜನನ್ನು ಒಳಗಿಟ್ಟು ಬೀಗ ಹಾಕಿದರೆ ಅವನ ಜೊತೆ ಅವನ ಪಾಪಗಳೂ ಕಣ್ಮರೆಯಾಗುತ್ತವೆ, ಇವನ್ಯಾರು ಏನು ಮಾಡಿದ ಎಂದು ಮಕ್ಕಳು ಕೇಳುವುದು ಬೀದಿಯಲ್ಲೇ ಎಂದಳು. ಅಣ್ಣನ ವಾದವನ್ನು ಅಣ್ಣನಿಗಿಂತ ಚೆನ್ನಾಗಿ ಹೇಳಿದಳು. ಮೇಷ್ಟ್ರು ತಲೆದೂಗಿದ್ದರೆ ಮುಗಿಯುತ್ತಿತ್ತು. ಆದರೆ ತಂಗಿಯ ಮಾತಿಗೆ ಎದುರಾಡುವುದು ಹುಟ್ಟಿದಂದಿನಿಂದ ಬಂದ ಚಾಳಿ.

"ಯಾವ ಮಗು ಕೇಳತ್ತೆ ಕಣೇ? ಇಷ್ಟು ವರ್ಷ ಪಾಠ ಮಾಡಿದೀನಿ, ಒಂದೂ ಕೇಳಿಲ್ಲ."

"ನೀನು ಬಾಯಿ ಬಿಡೋಕೆ ಬಿಟ್ರೆ ತಾನೆ ಅಣ್ಣಾ?"

ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಧ್ಯಕ್ಷೆಯ ಗಂಟೆಯನ್ನು ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜನ ಎದ್ದು ಹೋದರು, ಕುರ್ಚಿಗಳು ಗೋಡೆ ಸೇರಿದವು, ಇವರ ಜಗಳ ಹೊರಗಿನ ಮೆಟ್ಟಿಲಿಗೆ ಬಂತು. ತಾನು ತಂಗಿಯ ಪರ ವಾದಿಸುತ್ತಿದ್ದೇನೆಂದು ಮೇಷ್ಟ್ರಿಗೆ ಹೊಳೆದದ್ದು ಅಲ್ಲಿ. ಅದನ್ನು ಹೇಳಿಬಿಟ್ಟರೆ ಎಲ್ಲಿ ಮಾತು ನಿಂತುಬಿಡುತ್ತದೋ ಎಂದು ಹೆದರಿ, ಪ್ರತಿಮೆಯನ್ನು ನಾಳೆಯೇ ಸಾಗಿಸಬೇಕು ಎಂದು ಮತ್ತಷ್ಟು ಗಟ್ಟಿಯಾಗಿ ಹೇಳಿದರು.

ತಂಗಿ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು, ಮೆಟ್ಟಿಲ ಮೇಲೆ ಅವರ ಪಕ್ಕದಲ್ಲಿ ಕಾಲು ಚಾಚಿ ಕೂತಳು.