ಪೂರ್ವದ ಸ್ಟ್ಯಾಂಡಿನ ಬಿರುಕು

ನನ್ನ ಹೆಂಡತಿ ರಾಲಿತ್ಸಾ ಸಹಿ ಹಾಕಬೇಕಿದ್ದ ಕಾಗದ ಮೂರು ದಿನದಿಂದ ಅಡುಗೆಮನೆಯ ಮೇಜಿನ ಮೇಲೆ ಬಿದ್ದಿತ್ತು. ನಮ್ಮೂರಿನ ಫುಟ್‌ಬಾಲ್ ತಂಡಕ್ಕೆ ಹೊಸ ಸ್ಟೇಡಿಯಂ ಎದ್ದಿತ್ತು. ಕೆಲಸ ಗಟ್ಟಿಯಾಗಿದೆಯೇ ಎಂದು ನೋಡುವ ಇಂಜಿನಿಯರ್ ಅವಳು. ಅವಳು ಸಹಿ ಹಾಕಿದರೆ ಸರ್ಕಾರದ ಕೊನೆಯ ಕಂತು ಬರುತ್ತಿತ್ತು, ಭಾನುವಾರ ಮೊದಲ ಪಂದ್ಯ ನಡೆಯುತ್ತಿತ್ತು. ಹಾಕದಿದ್ದರೆ, ಸ್ವಂತ ಸ್ಟೇಡಿಯಂ ಇಲ್ಲವೆಂದು ತಂಡ ಲೀಗಿನ ನಿಯಮದಂತೆ ಎರಡನೇ ದರ್ಜೆಗೆ ಇಳಿಯುತ್ತಿತ್ತು.

ಆದರೆ ಪ್ರೇಕ್ಷಕರು ಕೂರುವ ಪೂರ್ವದ ಸ್ಟ್ಯಾಂಡಿನ ಕೆಳಗಿನ ಕಾಂಕ್ರೀಟ್ ತೊಲೆಯೊಂದರಲ್ಲಿ ಅವಳಿಗೆ ಬಿರುಕು ಕಂಡಿತ್ತು.

ಗುರುವಾರ ಬೆಳಿಗ್ಗೆ ಕ್ಲಬ್ಬಿನ ಅಧ್ಯಕ್ಷ ಸ್ತಾಮೆನೋವ್ ತಾನೇ ಮನೆಗೆ ಬಂದ. ನಾವು ಕೊಟ್ಟ ಬಾನಿತ್ಸಾ ಎಂಬ ಚೀಸ್ ರೊಟ್ಟಿಯನ್ನು ಚೂರೂ ಬಿಡದೆ ತಿಂದ.

“ಅಮ್ಮಾ, ಕಟ್ಟಡ ಅಂದ್ಮೇಲೆ ಗೆರೆ ಇರತ್ತೆ. ನನ್ನ ಮುಖದ ತುಂಬಾ ಇದೆ, ನಾನೇನು ಬಿದ್ದೋಗಿದೀನಾ?” ಎಂದು ನಕ್ಕ. ಆಮೇಲೆ ನನ್ನ ಕಡೆ ತಿರುಗಿದ. “ನೀನು ಏಳನೇ ನಂಬರ್ ಬಸ್ ಓಡ್ಸೋನಲ್ವಾ? ಸೇತುವೆ ತಿರುವಲ್ಲಿ ಹುಷಾರಪ್ಪಾ.”

ಅವನು ಹೋದ ಮೇಲೆ ನಾನು ಕಾಗದವನ್ನು ಅವಳ ಮುಂದೆ ಸರಿಸಿದೆ. “ಹಾಕ್ಬಿಡೇ, ಸಹಿ ತಾನೇ” ಎಂದೆ.

“ಹಾಕ್ತೀನಿ. ಭಾನುವಾರ ನಿನ್ನ ತಂಗಿ ಮಕ್ಕಳನ್ನ ಕರ್ಕೊಂಡ್ ಹೋಗಿ ಅಲ್ಲಿ ಕೂರಿಸ್ತೀಯಾ?”

ನಾನು ಕಾಗದವನ್ನು ಹಿಂದಕ್ಕೆ ಎಳೆದುಕೊಂಡೆ.

ಅವಳು ಸಹಿ ಹಾಕಿಲ್ಲವೆಂಬ ಸುದ್ದಿ ಊರೆಲ್ಲಾ ಹಬ್ಬಿತು. ಶುಕ್ರವಾರ ನಮ್ಮ ಗೇಟಿನ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ‘ದ್ರೋಹಿ’ ಎಂದು ಬರೆದಿದ್ದರು. ಅಂದು ಬಸ್ಸಿನ ಹಿಂದೆ ಬೂದು ಕಾರೊಂದು ಬರುತ್ತಲೇ ಇತ್ತು. ಸೇತುವೆಯ ತಿರುವಿನಲ್ಲಿ ನಾನು ಎಷ್ಟು ನಿಧಾನ ಮಾಡಿದೆನೆಂದರೆ ಮುದುಕಿಯೊಬ್ಬಳು, “ಇದು ಬಸ್ಸೋ, ಹೆಣದ ಗಾಡಿನೋ?” ಎಂದು ಗೊಣಗಿದಳು.

ಶನಿವಾರ ಸ್ತಾಮೆನೋವ್ ಮುನ್ನೂರು ಅಭಿಮಾನಿಗಳನ್ನು ಕರೆಸಿದ. ಅವರು ಸ್ಟ್ಯಾಂಡಿನ ಮೇಲೆ ಕುಣಿಯುವುದನ್ನು ಟಿವಿಯವರು ತೋರಿಸಬೇಕು, ರಾಲಿತ್ಸಾಳ ಬಾಯಿ ಮುಚ್ಚಬೇಕು ಎಂಬುದು ಅವನ ಲೆಕ್ಕ. ಸುದ್ದಿ ಕೇಳಿದ್ದೇ ಅವಳು ಕೋಟು ಹಾಕಿಕೊಂಡು ಹೊರಟಳು. ನಾನು ಹಿಂದೆ ಓಡಿದೆ.

ಸ್ಟೇಡಿಯಂ ಬಾಗಿಲಲ್ಲಿ ಅಭಿಮಾನಿಗಳ ನಾಯಕ, ಮಾಂಸದಂಗಡಿಯ ಕ್ರುಮ್ ಅಡ್ಡ ನಿಂತಿದ್ದ. “ಓಹೋ, ನಮ್ಮ ತಂಡ ಮುಳುಗ್ಸೋ ಮಹಾತಾಯಿ!”

ರಾಲಿತ್ಸಾ ಸ್ಟ್ಯಾಂಡಿನ ಬುಡದ ಕಡೆ ಕೈ ತೋರಿಸಿದಳು. “ಐದು ನಿಮಿಷ ಕೆಳಗೆ ಬಾ. ಆಮೇಲೆ ಎಷ್ಟ್ ಬೇಕಾದ್ರೂ ಬೈಕೋ.”

ಏನನ್ನಿಸಿತೋ, ಬಂದ. ತಲೆಯ ಮೇಲೆ ಡೋಲು ಬಡಿಯುತ್ತಿತ್ತು, ಜನ ಕುಣಿಯುತ್ತಿದ್ದರು. ಒಂದೊಂದು ಕುಣಿತಕ್ಕೂ ನಮ್ಮ ಹೆಗಲ ಮೇಲೆ ಪುಡಿ ಉದುರುತ್ತಿತ್ತು. ಸೋಮವಾರ ಕೂದಲೆಳೆಯಷ್ಟಿದ್ದ ಬಿರುಕಿನೊಳಗೆ ಕ್ರುಮ್‌ನ ಅಂಗಡಿಯ ಕೀಲಿಕೈ ಸಲೀಸಾಗಿ ಹೋಯಿತು. ಅವನು ಅದರ ಅಂಚಿಗೆ ಬೆರಳಿಟ್ಟ.

“ಇದು ಬಾಯಿ ಬಿಟ್ಟು ಮುಚ್ತಿದೆ” ಎಂದ, ಪಿಸುದನಿಯಲ್ಲಿ. “ನನ್ನ ಮಗಳು ಮೇಲಿದಾಳೆ.”

ಅವನು ಕಿರುಚಲು ಹೊರಟಾಗ ರಾಲಿತ್ಸಾ ತೋಳು ಹಿಡಿದಳು. “ಕೂಗ್ಬೇಡ. ಎಲ್ರೂ ಒಟ್ಟಿಗೆ ಓಡಿದ್ರೆ ಮುಗೀತು. ಡೋಲು ನಿಲ್ಸು. ಒಂದೊಂದೇ ಸಾಲು ಇಳ್ಸು.”

ಕ್ರುಮ್ ಮೇಲೆ ಹೋದ. ಡೋಲು ನಿಂತಿತು. ಹೆಜ್ಜೆಗಳು ಸಾಲುಸಾಲಾಗಿ ಇಳಿಯತೊಡಗಿದವು. ರಾಲಿತ್ಸಾ ತೊಲೆಯಿಂದ ಕಣ್ಣು ಕೀಳಲಿಲ್ಲ. ಓಡಿಹೋಗಬೇಕೆನಿಸಿದರೂ ನಾನು ಅವಳ ಕೋಟಿನ ತೋಳು ಹಿಡಿದು ನಿಂತೆ. ಕೊನೆಯವನು ಹುಲ್ಲಿಗೆ ಇಳಿದ ಮೇಲೆ ಅವಳು ನನ್ನನ್ನು ಎಳೆದುಕೊಂಡು ಬಂದಳು. ಸಂಜೆಯ ಹೊತ್ತಿಗೆ ಆ ತೊಲೆ ಮುರಿಯಿತು. ಕೆಳಗೆ ಯಾರೂ ಇರಲಿಲ್ಲ, ಮೇಲೂ ಇರಲಿಲ್ಲ.

ಸ್ಟ್ಯಾಂಡನ್ನು ಕೆಡವಿ ಕಟ್ಟಲು ಎರಡು ವರ್ಷ ಬೇಕಾಯಿತು. ತಂಡ ಕೆಳಗಿಳಿಯಿತು; ಅದಕ್ಕಾಗಿ ರಾಲಿತ್ಸಾಳನ್ನು ಶಪಿಸುವವರು ಇನ್ನೂ ಇದ್ದಾರೆ. ಸ್ತಾಮೆನೋವ್‌ನ ವಿಚಾರಣೆ ನಡೆಯುತ್ತಲೇ ಇದೆ. ನಾನು ಪಂದ್ಯಗಳಿಗೆ ಹೋಗುತ್ತೇನೆ. ಆದರೆ ಗೋಲು ಬಿದ್ದು ಜನ ಕುಣಿದಾಗ, ನನ್ನ ಕಣ್ಣು ಮೈದಾನ ಬಿಟ್ಟು ಕಾಲಡಿಗೆ ಇಳಿಯುತ್ತದೆ.