ಮೂರನೇ ಪುಟದ ಓದು

ಬೆಳಿಗ್ಗೆ ಆರೂವರೆಗೆ ಗುಜರಾತಿ ಪತ್ರಿಕೆ ಬಾಗಿಲಿಗೆ ಬಂದು ಬಿದ್ದರೆ, ಮಂಜಲ್‌ಪುರದ ಆ ಎರಡನೇ ಮಹಡಿಯ ಮನೆಯಲ್ಲಿ ಕಾಫಿ ಆರಲು ಶುರುವಾಗುತ್ತಿತ್ತು. ಬಾಲಚಂದ್ರನಿಗೆ ಗುಜರಾತಿ ಓದಲು ಬಾರದು. ವಿಮಾ ಕಂಪನಿ ಧಾರವಾಡದಿಂದ ವಡೋದರಾಕ್ಕೆ ವರ್ಗ ಮಾಡಿ ಒಂಬತ್ತು ವರ್ಷವಾದರೂ ಆ ಲಿಪಿ ಅವನಿಗೆ ಒಲಿದಿರಲಿಲ್ಲ. ಹಾಗಾಗಿ ಇಲ್ಲೇ ಬೆಳೆದ ಮಗಳು ಸಂಜನಾ ಓದಿ ಹೇಳಬೇಕು. ಹತ್ತನೇ ತರಗತಿಯ ಹುಡುಗಿ, ಜಡೆ ಹಾಕಿಕೊಳ್ಳುತ್ತಲೇ ಮೂರನೇ ಪುಟ ತೆರೆಯುತ್ತಿದ್ದಳು. ಊರಿನ ಅಪಘಾತಗಳ ಸುದ್ದಿ ಬರುವುದು ಅಲ್ಲಿ. ಅವನು ತನ್ನ ಆಫೀಸಿನ ದಾರಿಯ ಒಂದೊಂದೇ ಜಾಗ ಹೆಸರಿಸಿ ಕೇಳುತ್ತಿದ್ದ.

"ಮಕರಪುರಾದ್ದು ಏನರ ಅದ ಏನು?"

"ಇಲ್ಲ ಪಪ್ಪಾ."

"ತರಸಾಲಿ? ಸುಸೇನ್ ಸರ್ಕಲ್?"

"ನಹೀ ಹೈ. ಏನೂ ಇಲ್ಲ."

"ಇನ್ನೊಮ್ಮೆ ನೋಡವಾ. ಸ್ಕೂಟರ್ ಬಡದು ಯಾರರ ಬಿದ್ದದ್ದು..."

ಇನ್ನೊಮ್ಮೆ ನೋಡಿ ಇಲ್ಲವೆಂದ ಮೇಲೆಯೇ ಆ ತಣ್ಣನೆಯ ಕಾಫಿ ಅವನ ಗಂಟಲಲ್ಲಿ ಇಳಿಯುತ್ತಿತ್ತು.

ಬಾಲಚಂದ್ರ ಯಾರಿಗೂ ಸ್ಕೂಟರ್ ಗುದ್ದಿಸಿದವನಲ್ಲ. ಎರಡು ವರ್ಷದ ಹಿಂದೆ ಒಂದು ಸಂಜೆ ಗಾಡಿ ಹೊಂಡದಲ್ಲಿ ಎಗರಿತು. ಅದು ಹೊಂಡವೋ ಮನುಷ್ಯನೋ ಎಂಬ ಅನುಮಾನ ಆವತ್ತು ತಲೆಗೆ ಹೊಕ್ಕಿತು, ಮತ್ತೆ ಹೊರಬರಲಿಲ್ಲ. ಆಮೇಲೆ ಎಲ್ಲಿ ಕುಲುಕಿದರೂ ಗಾಡಿ ತಿರುಗಿಸಿ ಹೋಗಿ ನೋಡುತ್ತಿದ್ದ. ಯಾರೂ ಇರುತ್ತಿರಲಿಲ್ಲ. ನಾಲ್ಕು ಮಾರು ಬರುವಷ್ಟರಲ್ಲಿ, ಸರಿಯಾಗಿ ನೋಡಿದೆನೋ ಇಲ್ಲವೋ ಎಂದು ಮತ್ತೆ ತಿರುಗುತ್ತಿದ್ದ. ಇಪ್ಪತ್ತು ನಿಮಿಷದ ದಾರಿಗೆ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಮನೆಗೆ ಬಂದರೆ ಹೆಂಡತಿ ಇಂದಿರಾ "ಏನೂ ಆಗಿಲ್ರೀ" ಎನ್ನಬೇಕು. ಹತ್ತು ನಿಮಿಷಕ್ಕೆ ಮತ್ತೆ ಅದನ್ನೇ ಕೇಳುತ್ತಿದ್ದ. ಆಫೀಸಿನಲ್ಲಿ ಅವನ ಮೇಜಿಗೆ ಬರುವುದೂ ಅಪಘಾತದ ಫೈಲುಗಳೇ, ಎಲ್ಲ ಅದರದೇ ಪ್ರಭಾವ ಎಂದು ಇಂದಿರಾ ನಂಬಿಕೊಂಡಿದ್ದಳು.

ಮಗಳ ಪೂರ್ವಸಿದ್ಧತಾ ಪರೀಕ್ಷೆಯ ದಿನ ಸ್ಕೂಟರ್ ಸುಸೇನ್ ಸರ್ಕಲ್ ಹತ್ತಿರ ಒಮ್ಮೆ ಕುಲುಕಿತು. ಮಗಳನ್ನು ಹಿಂದೆ ಕೂರಿಸಿಕೊಂಡೇ ಅವನು ಮೂರು ಸಲ ಹಿಂದಕ್ಕೆ ಹೋದ. ಶಾಲೆ ಮುಟ್ಟುವಾಗ ಅರ್ಧ ಪರೀಕ್ಷೆ ಮುಗಿದಿತ್ತು, ಒಳಗೆ ಬಿಡಲಿಲ್ಲ.

ಆ ಸಂಜೆ ಬಾಲಚಂದ್ರನೇ ಮಾತು ತೆಗೆದ. "ಅಹಮದಾಬಾದಿನಾಗ ಇಂಥಾದ್ದಕ್ಕ ಅಂತನೇ ಚಿಕಿತ್ಸೆ ಕೊಡೋವ್ರು ಇದ್ದಾರಂತ. ಫೋನಿನಾಗ ನೋಡೀನಿ."

"ತಲಿ ಕೆಟ್ಟವರ ಡಾಕ್ಟರ್ ಕಡೆ ಹೋಗೋದೇನು? ಕನ್ನಡ ಸಂಘದಾಗ ಒಬ್ಬರ ಕಿವಿಗೆ ಬಿದ್ರ ಸಾಕು, ಊರಿಗೆಲ್ಲಾ ಗೊತ್ತಾಗ್ತದ. ನಾಳೆ ಸಂಜನಾನ ಮದವಿ ಹೊತ್ತಿಗೆ ಇದೇ ಮಾತು ತಗೀತಾರ."

"ಪರೀಕ್ಷಾನೇ ಹೋತಲ್ಲ ಇಂದಿರಾ. ಮದವಿ ಇನ್ನ ದೂರ ಅದ."

ಸಂಘದವರಿಗೆ ಬೆನ್ನುನೋವು ಎಂದು ಹೇಳಿ ಗಂಡ ಹೆಂಡತಿ ಶನಿವಾರದ ರೈಲು ಹತ್ತಿದರು.

ಅಹಮದಾಬಾದಿನ ಬೋಡಕ್‌ದೇವ್ ಬಡಾವಣೆಯ ಆ ಚಿಕಿತ್ಸಕಿ ವಿಂಧ್ಯಾ ಬೆನ್, ಅವನ ಭಯದ ಬಗ್ಗೆ ಕೇಳಿದ್ದಕ್ಕಿಂತ ಮನೆಯವರು ಏನು ಮಾಡುತ್ತಾರೆ ಎಂದು ಕೇಳಿದ್ದೇ ಹೆಚ್ಚು. ಎಲ್ಲ ಕೇಳಿ ಹಿಂದಿಯಲ್ಲಿ ಹೇಳಿದಳು: "ಮೂವರೂ ಸೇರಿ ಈ ಭಯವನ್ನು ಸಾಕುತ್ತಿದ್ದೀರಿ."

ಇಂದಿರಾಗೆ ಸಿಟ್ಟು ಬಂತು. "ಗಂಡ ಒದ್ದಾಡುವಾಗ ಹೆಂಡತಿ ಸಮಾಧಾನ ಹೇಳಬಾರದೇ?"

"ಎರಡು ವರ್ಷ ಹೇಳಿದಿರಲ್ಲ, ಕೇಳುವುದು ಕಡಿಮೆಯಾಯಿತೇ?"

ಇಂದಿರಾ ಸೀರೆಯ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಳು.

ವಿಂಧ್ಯಾ ಕಲಿಸಿದ್ದು ಹೇಳಲಿಕ್ಕೆ ಸುಲಭ. ದಾರಿಯಲ್ಲಿ ಹಿಂದಿರುಗಬಾರದು, ಬಂದ ಗಾಬರಿ ತಾನಾಗಿ ಇಳಿಯುವವರೆಗೆ ಸಹಿಸಬೇಕು. ಮನೆಯಲ್ಲಿ ಕೇಳಿದರೆ "ಗೊತ್ತಿಲ್ಲ" ಎನ್ನುವ ಉತ್ತರ ಮಾತ್ರ. ಮೊದಲ ವಾರ ಬಾಲಚಂದ್ರ ಬೆವರಿನಲ್ಲಿ ಅಂಗಿ ತೊಯ್ದುಕೊಂಡು ಮನೆಗೆ ಬಂದ, ಇಂದಿರಾ "ಗೊತ್ತಿಲ್ರೀ" ಎಂದು ಹೇಳಿ ಒಳಗೆ ಹೋಗಿ ಅತ್ತಳು. ನಾಲ್ಕು ವಾರದಲ್ಲಿ ಹಿಂದಿರುಗುವುದು ಬಹಳ ಮಟ್ಟಿಗೆ ನಿಂತಿತು. ಪತ್ರಿಕೆ ಓದಿಸುವುದನ್ನು ಮಾತ್ರ ಅವನು ಬಿಡಲಿಲ್ಲ.

ಐದನೇ ಶನಿವಾರ ಸಂಜನಾ ಅಪ್ಪನ ಜೊತೆ ಅಹಮದಾಬಾದಿಗೆ ಬಂದಳು. ಪತ್ರಿಕೆಯ ಮಾತು ಬಂದಾಗ ತಲೆ ತಗ್ಗಿಸಿ ಹೇಳಿದಳು, "ನಾ ಎಲ್ಲಾ ಓದ್ತಿರ್ಲಿಲ್ಲ ಪಪ್ಪಾ. ಮೂರು ಸಲ ಆಕ್ಸಿಡೆಂಟ್ ಸುದ್ದಿ ಬಂದಿತ್ತು, ನಮ್ಮ ರೋಡಿನದೇ. ಯಾವ ಗಾಡಿ ಅಂತ ಪೊಲೀಸ್‌ಗೆ ಗೊತ್ತಿಲ್ಲ ಅಂತ ಬರೆದಿತ್ತು. ನಾ ಸ್ಕಿಪ್ ಮಾಡ್ದೆ."

"ಯಾಕ?"

"ಓದಿದ್ರೆ ನೀವು ಅಲ್ಲಿಗೆ ಹೋಗ್ಬಿಡ್ತೀರಿ ಅಂತ." ಅವಳ ದನಿ ಸಣ್ಣದಾಯಿತು. "ಆಮೇಲೆ ನಂಗೇ ಡರ್ ಆಗ್ತಿತ್ತು. ಗುದ್ದಿದ್ದು ಪಪ್ಪಾನೇ ಇರಬಹುದಾ ಅಂತ."

ಬಾಲಚಂದ್ರ ಕುರ್ಚಿ ಬಿಟ್ಟು ಎದ್ದ. "ಯಾವ ತಾರೀಕು? ಹೇಳು, ಯಾವ ತಾರೀಕು?"

"ಕೇಳುವುದು, ಬಿಡುವುದು ನಿಮಗೆ ಬಿಟ್ಟದ್ದು," ಎಂದಳು ವಿಂಧ್ಯಾ. "ಆದರೆ ಮಗಳ 'ಇಲ್ಲ' ನಂಬಿಕೊಂಡು ಎರಡು ವರ್ಷ ಕಳೆದಿರಿ. ಅದು ಖಾತ್ರಿಯ ಮಾತಾಗಿರಲಿಲ್ಲ. ಆದರೂ ಉಂಡಿರಿ, ಆಫೀಸಿಗೆ ಹೋದಿರಿ. ಖಾತ್ರಿ ಇಲ್ಲದೆ ಬದುಕಲು ನಿಮಗೆ ಆಗಲೇ ಬರುತ್ತದೆ."

ಹಿಂದಿರುಗುವ ರೈಲಿನಲ್ಲಿ ಅಪ್ಪ ಮಗಳು ಎದುರುಬದುರು ಕೂತರು. ಮಣಿನಗರ್ ದಾಟಿತು, ನಡಿಯಾದ್ ದಾಟಿತು. ಆ ಒಂದೇ ಪ್ರಶ್ನೆ ಅವನ ನಾಲಿಗೆಯ ಮೇಲೆ ಕೂತಿತ್ತು. ತಾರೀಕು ಸಿಕ್ಕರೆ ಆವತ್ತು ಎಷ್ಟು ಗಂಟೆಗೆ ಮನೆಗೆ ಬಂದೆನೆಂದು ನೆನಪಿಸಿಕೊಳ್ಳಬಹುದು, ಠಾಣೆಗೆ ಹೋಗಿ ವಿಚಾರಿಸಬಹುದು. ಅವನು ಏಳುತ್ತಿದ್ದ, ಬಾಗಿಲ ತನಕ ಹೋಗುತ್ತಿದ್ದ, ಮತ್ತೆ ಬಂದು ಕೂರುತ್ತಿದ್ದ. ಸಂಜನಾ ಅವನನ್ನೇ ನೋಡುತ್ತಿದ್ದಳು.

"ಹೇಳ್ಲಾ ಪಪ್ಪಾ?" ಎಂದಳು ಕಡೆಗೆ, ಅಳು ತಡೆದುಕೊಂಡು. "ಮೂರೂ ಡೇಟ್ ನೆನಪಿದೆ."

ಹದಿನೈದು ವರ್ಷದ ಹುಡುಗಿ ಆ ಮೂರು ತಾರೀಕುಗಳನ್ನು ಇಷ್ಟು ದಿನ ಹೊತ್ತು ತಿರುಗಿದ್ದಾಳೆ ಎನ್ನುವುದು ಅವನಿಗೆ ಆಗ ಹೊಳೆಯಿತು.

"ಬ್ಯಾಡವಾ. ನೀ ಮರತುಬಿಡು," ಎಂದ. ಚೀಲ ಹತ್ತಿರ ಎಳೆದುಕೊಂಡು ಕೇಳಿದ, "ಮುಂಜಾನಿಂದ ಏನೂ ತಿಂದಿಲ್ಲ ನೀ. ಹಸಿವಿ ಆಗೇದೇನು?"

ಅವಳು ಹೂಂ ಎಂದು ತಲೆಯಾಡಿಸಿದಳು. ಇಂದಿರಾ ಕಟ್ಟಿಕೊಟ್ಟ ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದೆ ಹಿಡಿದ. ಆನಂದ್ ಸ್ಟೇಷನ್ ಬಂತು, ಹೋಯಿತು. ಗಾಬರಿ ಇನ್ನೂ ಇಳಿದಿರಲಿಲ್ಲ, ಆದರೂ ಅವನು ತಾರೀಕು ಕೇಳಲಿಲ್ಲ. ಸಂಜನಾ ಎದ್ದು ಬಂದು ಅವನ ಪಕ್ಕದಲ್ಲಿ ಕೂತು, ಎರಡು ಮೆಂತ್ಯದ ಥೇಪ್ಲಾ ರೊಟ್ಟಿ ತಿಂದು ಇನ್ನೊಂದಕ್ಕೆ ಕೈ ಹಾಕಿದಳು.